ಆವನಿ ಶಾಸನಶೋಧಕ: ಬಳಕೆದಾರರ ಕೈಪಿಡಿ

ಈ ಉಪಕರಣ ಹತ್ತು ಸಾಲಿನ ಒಂದು ಸ್ಕ್ರಿಪ್ಟ್. ತೂಕವಿಲ್ಲ, ವಾಸನೆಯಿಲ್ಲ, ಸವೆಯುವ ಭಾಗಗಳಿಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯ ಶಾಸನಗಳಲ್ಲಿ ತಮಗೆ ಬೇಕಾದ ಹೆಸರು ಎಲ್ಲಿದೆ ಎಂದು ಹುಡುಕಿಕೊಡುವುದು ಇದರ ಕೆಲಸ. ಹುಡುಕಿಕೊಡದಿದ್ದಾಗ ಏನು ಮಾಡಬೇಕೆಂದು ಹೇಳುವುದು ಈ ಕೈಪಿಡಿಯ ಕೆಲಸ. ಕೈಪಿಡಿ ಸ್ಕ್ರಿಪ್ಟಿಗಿಂತ ಯಾಕೆ ಇಷ್ಟು ಉದ್ದವಿದೆ ಎಂಬುದಕ್ಕೆ ಅದೇ ಕಾರಣ.

ಪೆಟ್ಟಿಗೆಯಲ್ಲಿ ಇರುವುದು

ಒಂದು ಪಠ್ಯ ಕಡತ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಅದರಲ್ಲಿ ಮುಳಬಾಗಿಲಿನ ಪಾಲನ್ನು ಯಾರೋ ಪುಣ್ಯಾತ್ಮರು ಕೀಲಿಮಣೆ ಕುಟ್ಟಿ ಕೂರಿಸಿದ್ದಾರೆ ಎಂದುಕೊಳ್ಳಿ. ಜೊತೆಗೆ ಹುಡುಕುವ ಗ್ರೆಪ್, ತಿದ್ದುವ ಸೆಡ್ ಎಂಬ ಎರಡು ಹಳೆಯ ಆಯುಧಗಳು. ಬ್ಯಾಟರಿ ಬೇಕಿಲ್ಲ, ತಾಳ್ಮೆ ಬೇಕು. ತಾಳ್ಮೆಯನ್ನು ಪೆಟ್ಟಿಗೆಯಲ್ಲಿ ಇಟ್ಟಿಲ್ಲ.

ಬಳಸುವ ಮುನ್ನ ಸಾಧ್ಯವಾದರೆ ಒಮ್ಮೆ ಆವನಿಗೆ ಹೋಗಿಬನ್ನಿ. ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರಿಗೆಲ್ಲ ಒಂದೊಂದು ಗುಡಿ ಇದೆ. ನೊಳಂಬರ ಕಾಲದ ಕೆಲಸ. ಮೇಲೆ ಬೆಟ್ಟದಲ್ಲಿ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಊರಿನವರು ಹೇಳುತ್ತಾರೆ. ಆ ಮಾತು ಯಾವ ಸ್ಕ್ರಿಪ್ಟಿನ ವ್ಯಾಪ್ತಿಗೂ ಬರುವುದಿಲ್ಲ. ಇಲ್ಲಿಯ ಶಾಸನವೊಂದು ತ್ರಿಭುವನಕರ್ತಾರ ಎಂಬ ತಪಸ್ವಿಯ ಬಗ್ಗೆ ಹೇಳುತ್ತದೆ: ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದವನು. ಆ ಕಾಲದಲ್ಲಿ ಊರು ‘ಆವನ್ಯ’. ಆ ಶಾಸನದಲ್ಲಿ ತಾವು ‘ಆವನಿ’ ಎಂದು ಹುಡುಕಿದರೆ ಉಪಕರಣ ಏನೂ ಸಿಗಲಿಲ್ಲ ಎನ್ನುತ್ತದೆ. ಇದು ದೋಷವಲ್ಲ.

ಕಂಸಗಳ ಬಗ್ಗೆ ಎಚ್ಚರಿಕೆ

ಕಲ್ಲು ಓದುವವರಿಗೆ ತಮ್ಮದೇ ಆದ ಗುರುತುಗಳಿವೆ. ಎಪಿಗ್ರಾಫಿಯಾ ಇಂಡಿಕಾದ ಪದ್ಧತಿಯಲ್ಲಿ, ಸವೆದು ಮಸುಕಾದ ಅಕ್ಷರ ಚೌಕ ಕಂಸದೊಳಗೆ ಹೋಗುತ್ತದೆ. ಕೆತ್ತಿದವನು ಮರೆತ ಅಕ್ಷರವನ್ನು ಸಂಪಾದಕರು ತುಂಬಿದರೆ ಕಂಸದೊಳಗೆ ಒಂದು ನಕ್ಷತ್ರವನ್ನೂ ಸೇರಿಸುತ್ತಾರೆ. ಪೂರ್ತಿ ಒಡೆದುಹೋದ ಕಡೆ ಚುಕ್ಕಿಗಳು. ಇದು ಪ್ರಾಮಾಣಿಕರ ವ್ಯವಸ್ಥೆ: ಕಲ್ಲಿನದು ಎಷ್ಟು, ನನ್ನದು ಎಷ್ಟು ಎಂದು ಓದುಗನಿಗೆ ತೋರಿಸಿಬಿಡುವುದು.

ಗ್ರೆಪ್‌ಗೂ ಇವೇ ಗುರುತುಗಳು ಗೊತ್ತು. ಅರ್ಥ ಮಾತ್ರ ಬೇರೆ.

ಕಡತದಲ್ಲಿ ನೊ[ಳಂ]ಬ ಎಂದಿದೆ ಎನ್ನಿ. ಅದನ್ನೇ ನಕಲು ಮಾಡಿ ಹುಡುಕು ಎಂದಿರಿ. ಚೌಕ ಕಂಸವೆಂದರೆ ‘ಒಳಗಿರುವುದರಲ್ಲಿ ಯಾವುದಾದರೂ ಒಂದು’ ಎಂದು ಗ್ರೆಪ್ ತಿಳಿದಿದೆ. ಅದರ ಕಣ್ಣಿಗೆ ಳ ಒಂದು, ಸೊನ್ನೆ ಇನ್ನೊಂದು. ಹೀಗಾಗಿ ಅದು ‘ನೊಳಬ’ನನ್ನು ಹಿಡಿಯುತ್ತದೆ, ‘ನೊಂಬ’ನನ್ನೂ ಹಿಡಿಯುತ್ತದೆ, ‘ನೊಳಂಬ’ನನ್ನು ಮಾತ್ರ ಬಿಟ್ಟುಬಿಡುತ್ತದೆ. ಕಂಸ ಸಮೇತ ಇರುವ ಮೂಲ ಸಾಲೂ ಸಿಗುವುದಿಲ್ಲ. ಒಂದು ರಾಜವಂಶವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಮರೆಮಾಡಲು ಶತ್ರುಗಳಿಗೂ ಆಗಿರಲಿಲ್ಲ. [ಮ*] ಎಂದು ಕೊಟ್ಟರೆ ಇದಕ್ಕೆ ತದ್ವಿರುದ್ಧ: ಮ ಇರುವ ಸಾಲೆಲ್ಲ ಬಂದು ಪರದೆ ತುಂಬುತ್ತದೆ. ಮಹಾರಾಜ, ಮಹೇಂದ್ರ, ಗ್ರಾಮ, ಧರ್ಮ ಎಲ್ಲರೂ.

ಚುಕ್ಕಿಯ ವಿಷಯದಲ್ಲಿ ಪಂಡಿತರಿಗೂ ಯಂತ್ರಕ್ಕೂ ಒಂದಿಷ್ಟು ಹೊಂದಾಣಿಕೆ ಇದೆ. ‘ಇಲ್ಲಿ ಏನೋ ಇತ್ತು, ಏನೆಂದು ತಿಳಿಯದು’ ಎನ್ನುತ್ತಾರೆ ಪಂಡಿತರು. ‘ಇಲ್ಲಿ ಏನು ಬೇಕಾದರೂ ಇರಲಿ’ ಎನ್ನುತ್ತದೆ ಗ್ರೆಪ್. ಆದರೆ ಲೆಕ್ಕ ಕೂಡುವುದಿಲ್ಲ. ‘ಶ್ರೀ’ ಓದುವವರಿಗೆ ಒಂದಕ್ಷರ. ಯೂನಿಕೋಡ್‌ಗೆ ಅದು ಶ, ವಿರಾಮ, ರ, ದೀರ್ಘ ಎಂದು ನಾಲ್ಕು. ಲೊಕೇಲ್ ಸರಿಯಾಗಿ ಹೊಂದಿಸದಿದ್ದರೆ ಒಂದೊಂದೂ ಮೂರು ಬೈಟ್ ಆಗಿ ಹನ್ನೆರಡು. ಮುಳಬಾಗಿಲಿನವರು ಮಾತಿನ ನಡುವೆ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಯಾವ ಸೂಚನೆಯೂ ಇಲ್ಲದೆ ದಾಟಿಬಿಡುತ್ತಾರೆ. ಯಂತ್ರಕ್ಕೆ ಆ ಸಂಸ್ಕಾರವಿಲ್ಲ. ಭಾಷೆ ಯಾವುದೆಂದು ಮೊದಲೇ ಬರೆದು ಕೊಡಬೇಕು.

ಪರಿಹಾರ: ಗ್ರೆಪ್‌ಗೆ ಹೈಫನ್, ದೊಡ್ಡ ಎಫ್ ಕೊಡಿ. ಆಗ ಅದು ಜಾಣತನ ಬಿಟ್ಟು, ಇದ್ದದ್ದನ್ನು ಇದ್ದಂತೆ ಹುಡುಕುತ್ತದೆ. ಪ್ರತಿ ಕಂಸಕ್ಕೂ ಮುಂಚೆ ಬ್ಯಾಕ್‌ಸ್ಲಾಷ್ ಹಾಕುವ ದಾರಿಯೂ ಇದೆ. ವಾರದ ನಂತರ ಅದನ್ನು ಓದಲು ಇನ್ನೊಬ್ಬ ಲಿಪಿತಜ್ಞರು ಬೇಕಾಗುತ್ತಾರೆ.

ಉದ್ಧರಣ ಚಿಹ್ನೆ: ಒಂಟಿಯೋ ಜೋಡಿಯೋ

ಗ್ರೆಪ್‌ನ ಬಾಗಿಲಿಗೆ ಮುಂಚೆ ಶೆಲ್ ಎಂಬ ಪಾರುಪತ್ತೇಗಾರ ಕೂತಿದ್ದಾನೆ. ತಾವು ಕೊಟ್ಟದ್ದನ್ನು ಮೊದಲು ಅವನು ಬಿಚ್ಚಿ ನೋಡುತ್ತಾನೆ. ಬರೀ ನಕ್ಷತ್ರ ಕಂಡರೆ ಅದರ ಜಾಗದಲ್ಲಿ ಫೋಲ್ಡರಿನ ಕಡತಗಳ ಹೆಸರನ್ನೆಲ್ಲ ಇಡುತ್ತಾನೆ. ಅಳಿಸುವ ಆಜ್ಞೆಯಲ್ಲಿ ಹೆಸರಿಗೂ ನಕ್ಷತ್ರಕ್ಕೂ ನಡುವೆ ಒಂದು ಜಾಗ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ತಿಳಿಯಬೇಡಿ.

ಒಂಟಿ ಉದ್ಧರಣದೊಳಗೆ ಇಟ್ಟದ್ದನ್ನು ಶೆಲ್ ಮುಟ್ಟುವುದಿಲ್ಲ. ಜೋಡಿ ಉದ್ಧರಣದೊಳಗೆ ಡಾಲರ್, ಬ್ಯಾಕ್‌ಟಿಕ್, ಬ್ಯಾಕ್‌ಸ್ಲಾಷ್ ಮೂರೂ ಜೀವಂತ. ಆದ್ದರಿಂದ ಶಾಸನಕ್ಕೆ ಒಂಟಿಯೇ ಲೇಸು. ರೈಸ್ ಅವರ ಇಂಗ್ಲಿಷ್ ಅನುವಾದವನ್ನೂ ಹುಡುಕುವುದಾದರೆ ಮಾತ್ರ ಜೋಪಾನ. ಷಷ್ಠೀ ವಿಭಕ್ತಿಗೆ ಇಂಗ್ಲಿಷಿನವರು ಹಾಕುವ ಮೇಲುಗೀಟು ಒಂಟಿ ಉದ್ಧರಣವನ್ನು ಅಲ್ಲೇ ಮುಚ್ಚಿಬಿಡುತ್ತದೆ. ಕೊನೆಯಲ್ಲಿ ತಾವು ಹಾಕಿದ ಗುರುತು ಹೊಸದೊಂದನ್ನು ತೆರೆಯುತ್ತದೆ, ಪರದೆಯ ಮೇಲೆ > ಎಂಬ ಗುರುತು ಬಂದು ಕೂರುತ್ತದೆ. ಯಂತ್ರ ಕೆಟ್ಟಿಲ್ಲ. ಮುಚ್ಚುವ ಗುರುತಿಗಾಗಿ ಕಾಯುತ್ತಿದೆ. ಬೆಳಗಿನವರೆಗೂ ಕಾಯುತ್ತದೆ.

ವರ್ಡ್ ಕಡತದಿಂದ ಆಜ್ಞೆಯನ್ನು ನಕಲು ಮಾಡಬೇಡಿ. ಅಲ್ಲಿ ಉದ್ಧರಣ ಚಿಹ್ನೆಗಳು “ಹೀಗೆ” ಸುಂದರವಾಗಿ ಬಾಗಿರುತ್ತವೆ. ಶೆಲ್‌ಗೆ ಸೌಂದರ್ಯಪ್ರಜ್ಞೆ ಇಲ್ಲ. ನೆಟ್ಟಗಿರುವುದನ್ನು ಮಾತ್ರ ಅದು ಉದ್ಧರಣ ಎಂದು ಒಪ್ಪುತ್ತದೆ.

ಶಾಸನದ ಪೂರ್ಣವಿರಾಮದ ಗೀಟು ಇನ್ನೊಂದು ಅಪಾಯ. ದಂಡಕ್ಕೆ ಯೂನಿಕೋಡ್‌ನಲ್ಲಿ ಬೇರೆಯೇ ಸ್ಥಾನವಿದೆ. ಬೆರಳಚ್ಚು ಮಾಡುವವರು ಅದನ್ನು ಹುಡುಕುವ ಗೋಜಿಗೆ ಹೋಗದೆ, ಕೀಲಿಮಣೆಯಲ್ಲಿ ಎದುರಿಗೇ ಇರುವ ಪೈಪ್ ಗುರುತನ್ನು ಎರಡು ಸಲ ಒತ್ತಿ ‘ಸ್ವಸ್ತಿ ಶ್ರೀ ||’ ಎಂದು ಮುಂದುವರಿಯುತ್ತಾರೆ. ಉದ್ಧರಣವಿಲ್ಲದೆ ಕೊಟ್ಟರೆ ಶೆಲ್ ಇದನ್ನು ‘ಮೊದಲನೆಯದು ವಿಫಲವಾದರೆ ಮುಂದಿನದನ್ನು ನಡೆಸು’ ಎಂದು ಓದುತ್ತದೆ. ಉದ್ಧರಣದೊಳಗಿಟ್ಟು ವಿಸ್ತೃತ ಮಾದರಿಯಲ್ಲಿ ಹುಡುಕಿದರೆ ಗ್ರೆಪ್ ‘ಶ್ರೀ, ಇಲ್ಲವೇ ಏನೂ ಇಲ್ಲ’ ಎಂದು ತಿಳಿಯುತ್ತದೆ. ‘ಏನೂ ಇಲ್ಲ’ ಎಂಬುದು ಎಲ್ಲ ಸಾಲಿನಲ್ಲೂ ಇರುವುದರಿಂದ ಇಡೀ ಸಂಪುಟ ಉತ್ತರವಾಗಿ ಬರುತ್ತದೆ. ಅದ್ವೈತಿಗಳಿಗೆ ಇದರಲ್ಲಿ ಆಕ್ಷೇಪವಿರಲಾರದು.

ಕಡತ ಹಳೆಯ ನುಡಿಯದಾಗಿದ್ದರೆ

ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಲ್ಯಾಟಿನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಆ ಕೋಷ್ಟಕದಲ್ಲಿ ‘ನ’ ಇರುವುದು ಪೌಂಡ್ ಚಿಹ್ನೆಯ ಜಾಗದಲ್ಲಿ, ‘ಪ’ ಯೆನ್‌ನ ಜಾಗದಲ್ಲಿ. ‘ಆವನಿ’ ಎಂದು ಬರೆದರೆ ಕಡತದಲ್ಲಿ ಉಳಿಯುವುದು ದೊಡ್ಡ ಡಿ, ಎರಡು ವಿದೇಶಿ ಗುರುತು, ಕೊನೆಗೆ ಕರೆನ್ಸಿಯ ಚಿಹ್ನೆ. ಯಾರಾದರೂ ಶಿಸ್ತಿನ ಸ್ಕ್ರಿಪ್ಟ್ ಬರೆಯುವವರು ಬಂದು ‘ಇಂಗ್ಲಿಷ್ ದೊಡ್ಡಕ್ಷರಗಳನ್ನೆಲ್ಲ ಚಿಕ್ಕದು ಮಾಡೋಣ’ ಎಂದರೆ ಡಿ ಚಿಕ್ಕದಾಗುತ್ತದೆ; ಚಿಕ್ಕ ಡಿ ಎಂದರೆ ಜ. ಊರು ಜವನಿ ಆಗುತ್ತದೆ. ಅನುಸ್ವಾರ ದೊಡ್ಡ ಎ. ಚಿಕ್ಕ ಎ ‘ಚಿ’. ಹೀಗೆ ನೊಳಂಬರು ನೊಳಚಿಬರಾಗಿ, ಯಾವ ಯುದ್ಧವೂ ಇಲ್ಲದೆ ವಂಶ ಬದಲಾಗುತ್ತದೆ.

ಅರ್ಕಾವತ್ತು ಇನ್ನೂ ಹಟಮಾರಿ. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಪರಿವರ್ತಿಸುವ ಸೆಡ್ ಸಾಲು ಇಡೀ ಅಕ್ಷರವನ್ನು ದಾಟಿಸದೆ ಒಂದು ಗುರುತನ್ನಷ್ಟೇ ದಾಟಿಸಿದರೆ ‘ಕನರ್ಾಟಕ’ ಸಿದ್ಧ. ಈ ರಾಜ್ಯವನ್ನು ತಾವು ಸರ್ಕಾರಿ ಸುತ್ತೋಲೆಗಳಲ್ಲಿ, ಪತ್ರಿಕೆಗಳ ಜಾಲತಾಣಗಳಲ್ಲಿ ಆಗಲೇ ಭೇಟಿಯಾಗಿದ್ದೀರಿ. ತ್ರಿಭುವನಕರ್ತಾರನಿಗೂ ಇದೇ ಗತಿ. ಐವತ್ತು ದೇಗುಲ ಕಟ್ಟಿಸಿದವನ ತಲೆಯ ಮೇಲೆ ಒಂದು ಅರ್ಕಾವತ್ತು ನಿಲ್ಲುತ್ತಿಲ್ಲ.

ದೋಷ ನಿವಾರಣೆ

‘ರಾಮಲಿಂಗೇಶ್ವರ ಕಣ್ಣಿಗೆ ಕಾಣುತ್ತಾನೆ, ಹುಡುಕಿದರೆ ಸಿಗುವುದಿಲ್ಲ.’ ಭಕ್ತರ ಹಳೆಯ ದೂರು. ಇಲ್ಲಿ ಬಹುಶಃ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿದ್ದಾರೆ. ಎರಡೂ ದುಂಡಗೆ, ಕೋಡ್ ಬೇರೆ.

‘ಕೋಲಾರ ಒಂದು ಸಾಲಿನಲ್ಲಿ ಸಿಕ್ಕಿತು, ಇನ್ನೊಂದರಲ್ಲಿ ಇಲ್ಲ.’ ‘ಕೋ’ದ ಓತ್ವವನ್ನು ಒಂದೇ ಗುರುತಾಗಿಯೂ, ಬಿಡಿ ಗುರುತುಗಳಾಗಿ ಒಡೆದೂ ಬರೆಯಬಹುದು. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತನ್ನಿ.

‘ಸರ್ವೆ ನಂಬರ್ ಇರುವ ಸಾಲಿನಲ್ಲಿ ಸೆಡ್ ಮುನಿಸಿಕೊಳ್ಳುತ್ತದೆ.’ 45/2ರ ಓರೆಗೀಟನ್ನು ತನ್ನ ಬೇಲಿ ಎಂದು ಅದು ತಿಳಿದಿದೆ. ಬೇಲಿಗೆ ಬೇರೆ ಚಿಹ್ನೆ ಬಳಸಿ. ಗಡಿ ತಗಾದೆಗೆ ತಾಲ್ಲೂಕು ಕಚೇರಿ ಇದೆ, ಸೆಡ್ ಅಲ್ಲ.

ಖಾತರಿ

ಮೂಲ ಕಡತದ ಮೇಲೆಯೇ ಸೆಡ್ ಓಡಿಸಿದವರಿಗೆ ಖಾತರಿ ಅನ್ವಯಿಸುವುದಿಲ್ಲ. ಪಡಿಯಚ್ಚು ತೆಗೆಯುವವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ತಟ್ಟಿ, ಕಾಗದವನ್ನು ಎತ್ತಿಕೊಂಡು ಹೋಗುತ್ತಾರೆ. ಕಲ್ಲು ಇದ್ದಲ್ಲೇ ಇರುತ್ತದೆ. ಅದೇ ಕ್ರಮ ಇಲ್ಲಿಯೂ. ಮೂಲದ ಒಂದು ಪ್ರತಿಯನ್ನು ಬೀಗ ಹಾಕಿ ಇಡಿ, ತಿದ್ದುವುದೆಲ್ಲ ನಕಲಿನ ಮೇಲೆ ನಡೆಯಲಿ. ಅನುಮಾನದ ಅಕ್ಷರಗಳ ಕಂಸಗಳನ್ನು ‘ಹುಡುಕಲು ತೊಂದರೆ’ ಎಂದು ಕಿತ್ತುಹಾಕುವವರು ಆ ಅಕ್ಷರಗಳಿಗೆ ತಾವೇ ಜವಾಬ್ದಾರರು.

ಹಳಗನ್ನಡದ ೞ ಸಿಗುತ್ತಿಲ್ಲವೆಂದು ದಯವಿಟ್ಟು ಪತ್ರ ಬರೆಯಬೇಡಿ. ಅ-ದಿಂದ ಹ-ವರೆಗೆ ಎಂದು ತಾವು ಕೊಟ್ಟ ವ್ಯಾಪ್ತಿಯ ಹೊರಗೆ ಅದು ಕೂತಿದೆ. ಯೂನಿಕೋಡ್ ಪಟ್ಟಿಯಲ್ಲಿ ಹೆಸರು ಹಿಡಿದು ಹುಡುಕುವುದಾದರೆ ‘ಕನ್ನಡ ಲೆಟರ್ ಫ’ ಎಂದು ಹುಡುಕಬೇಕು. ಆ ಹೆಸರು ತಪ್ಪೆಂದು ಯೂನಿಕೋಡ್‌ನವರೂ ಒಪ್ಪಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವುದಿಲ್ಲ ಎಂಬುದು ಅವರ ನಿಯಮ.