ಪುಕ್ಕಟೆ ಕಾಂಕೂನ್

(ನ್ಯೂಜೆರ್ಸಿಯ ಒಂದು ಅಡುಗೆಮನೆ. ಲ್ಯಾಪ್‌ಟಾಪಿನ ಪಕ್ಕ ಚಿತ್ರಾನ್ನ ಆರುತ್ತಿದೆ. ಯಜಮಾನರು ಲೆಕ್ಕದಲ್ಲಿದ್ದಾರೆ, ಇಂಥ ಹೊತ್ತಲ್ಲಿ ಮಾತಾಡಿಸಬಾರದು.)

ಗಂಡ: ಆಯ್ತು ಕಣೇ! ಮೆಕ್ಸಿಕೋದ ಕಾಂಕೂನ್, ಹಯಾತ್ ಝೀವಾ ಹೋಟೆಲು. ತಿಂಡಿ, ಊಟ, ಕುಡಿಯೋದು ಎಲ್ಲಾ ಸೇರಿ. ರೂಮಿಗೆ ಒಂದು ಸೆಂಟೂ ಇಲ್ಲ, ಬರೀ ಕ್ರೆಡಿಟ್ ಕಾರ್ಡಿನ ಪಾಯಿಂಟು!

ಹೆಂಡತಿ: ಪುಕ್ಕಟೆ ಅನ್ನಿ. ಗ್ಯಾರೇಜಲ್ಲಿ ಮೂರು ಮಿಕ್ಸಿ ಡಬ್ಬ ಒಡೆಯದೆ ಕೂತಿವೆಯಲ್ಲ, ಅವು?

ಗಂಡ: 3 ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡದಿದ್ರೆ ಕಾರ್ಡಿನ ಬೋನಸ್ ಯಾರು ಕೊಡ್ತಾರೆ?

ಹೆಂಡತಿ: ಸರಿ, ನಾವು ಐದು ಜನ.

ಗಂಡ: ರೂಮಿನ ಪಾಯಿಂಟಿಗೆ ಇಬ್ಬರೇ. ಮಿಕ್ಕ ತಲೆಗೆ ಬೇರೆ ಲೆಕ್ಕ.

ಹೆಂಡತಿ: ಅಂದ್ರೆ ಮಕ್ಕಳು, ಅತ್ತೆ ಆ 'ಎಲ್ಲಾ'ದಲ್ಲಿ ಸೇರಿಲ್ಲ.

ಗಂಡ: ಅಲ್ಲೇ ಹಯಾತ್ ಝಿಲಾರಾನೂ ಇದೆ. ಮಕ್ಕಳ ತಾಪತ್ರಯವೇ ಇಲ್ಲ, ದೊಡ್ಡವರಿಗೆ ಮಾತ್ರ.

ಅತ್ತೆ: ನಾನೂ ದೊಡ್ಡವಳೇ. ಮಜ್ಜಿಗೆ ಸಿಗುತ್ತೇನಪ್ಪಾ?

ಗಂಡ: ಟಕೀಲಾ ಬೇಕಾದಷ್ಟು ಸಿಗುತ್ತಮ್ಮಾ.

ಅತ್ತೆ: ಹಾಗಿದ್ರೆ ಅವಲಕ್ಕಿ, ಚಟ್ನಿಪುಡಿ ಕಟ್ಕೋತೀನಿ.

ಗಂಡ: ಅಯ್ಯೋ, ವಿಮಾನದಲ್ಲಿ ಬ್ಯಾಗಿಗೆ ದುಡ್ಡು ಕೇಳ್ತಾರೆ!

ಹೆಂಡತಿ: ವಿಮಾನದ ಟಿಕೆಟ್ಟಿಗೆ ಪಾಯಿಂಟಿಲ್ವಾ?

ಗಂಡ: (ಮೆಲ್ಲಗೆ) ನಿನ್ನ ಹೆಸರಲ್ಲಿ ಇನ್ನೂ ಕಾರ್ಡು ತಗೊಂಡಿಲ್ಲ, ಅಲ್ವೇನೇ?