ಅಳಿಲ ಮೇಲೆ ಬ್ರಹ್ಮಾಸ್ತ್ರ

ಅಮೆರಿಕದ ಸೌತ್ ಡಕೋಟಾ. ಕಣ್ಣು ಹಾಯುವಷ್ಟು ದೂರ ಹುಲ್ಲು. ಬಿಲದ ಬಾಯಲ್ಲಿ ಒಂದು ಪ್ರಾಣಿ ಎದ್ದು ನಿಂತು ಸುತ್ತ ನೋಡುತ್ತಿದೆ. ಹೆಸರು ಪ್ರೇರಿ ಡಾಗ್. ಕುಲ ಅಳಿಲಿನದು. ತೂಕ ಒಂದು ಕೆ.ಜಿ. ಆಸುಪಾಸು. ಅಪರಾಧ, ಹುಲ್ಲು ತಿನ್ನುವುದು.

ಮುನ್ನೂರು ಗಜ ಆಚೆ ಒಬ್ಬ ಮಹಾಶಯ ಮೇಜು ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಬಂದೂಕು ಮರಳಿನ ಚೀಲದ ಮೇಲೆ ಮಲಗಿದೆ. ಮಗ್ಗುಲಲ್ಲಿ ತಂಪು ಪಾನೀಯದ ಪೆಟ್ಟಿಗೆ. ಇದು ಬೇಟೆಯಂತೆ.

ಅವನ ಬಂದೂಕಿಗೆ ಅಂಗಡಿಯ ತೋಟೆ ನಡೆಯುವುದಿಲ್ಲ. ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದೇ ಅದರ ದೋಷ. 1930ರಿಂದ ಮಾರುಕಟ್ಟೆಯಲ್ಲಿರುವ .22 ಹಾರ್ನೆಟ್ ಎಂಬ ತೋಟೆ ಇದೆ. ಆ ಅಳಿಲನ್ನು ಯಮಪುರಿಗೆ ಕಳಿಸಲು ಅದು ಧಾರಾಳ ಸಾಕು. ಸಾಲದಂತೆ. ಅದರ ಹಿತ್ತಾಳೆಯ ಕತ್ತನ್ನು ಅಚ್ಚಿನಲ್ಲಿ ಹಿಸುಕಿ .17 ಇಂಚಿಗೆ ಇಳಿಸಬೇಕು. ಯಾವ ಕಾರ್ಖಾನೆಯೂ ಮಾಡದ ಇಂಥ ಮನೆತಯಾರಿ ತೋಟೆಗೆ ವೈಲ್ಡ್‌ಕ್ಯಾಟ್ ಅನ್ನುತ್ತಾರೆ. 2012ರಲ್ಲಿ ಹಾರ್ನಡಿ ಕಂಪನಿ .17 ಹಾರ್ನೆಟ್ಟನ್ನು ಡಬ್ಬಿಯಲ್ಲಿ ಹಾಕಿ ಮಾರತೊಡಗಿತು. ಇನ್ನೇನು, ಈ ಮನೆತಯಾರಿಯವರ ಕಸುಬು ಮುಗಿಯಿತಲ್ಲ ಅಂದುಕೊಂಡಿರಾ? .14 ಇದೆ. .12 ಇದೆ. .10 ಕೂಡ ಇದೆ, ಅಂದರೆ ಎರಡೂವರೆ ಮಿಲಿಮೀಟರ್ ಗುಂಡು. ಇನ್ನು ಸೂಜಿಮೊನೆಯೊಂದು ಬಾಕಿ.

ಇದೆಲ್ಲ ಯಾಕೆಂದು ಕೇಳಿದರೆ ಮೊದಲ ಉತ್ತರ, ಉಳಿತಾಯ. ಸುಟ್ಟ ತೋಟೆ ಬಿಸಾಡುವುದಿಲ್ಲ ಸ್ವಾಮಿ, ಅದಕ್ಕೇ ಮತ್ತೆ ಮದ್ದು ತುಂಬುತ್ತೇವೆ. ಆಹಾ, ಎಂಥ ಮಿತವ್ಯಯ! ಆ ಉಳಿತಾಯಕ್ಕಾಗಿ ಹೇಳಿ ಮಾಡಿಸಿದ ನಳಿಗೆ. ಹೇಳಿ ಮಾಡಿಸಿದ ಅಚ್ಚು. ಮದ್ದನ್ನು ಗುಲಗಂಜಿಗಿಂತ ಸಣ್ಣ ಲೆಕ್ಕದಲ್ಲಿ ತೂಗುವ ತಕ್ಕಡಿ. ಆ ಕಿರುನಳಿಗೆಯ ಒಳಮೈಗೆ ಲೋಹ ಬಲುಬೇಗ ಮೆತ್ತಿಕೊಳ್ಳುವುದರಿಂದ ಮತ್ತೆ ಮತ್ತೆ ಉಜ್ಜಲು ಅದಕ್ಕೇ ಬೇರೆ ಸಲಾಕೆ. ಈ ಜಿಪುಣತನಕ್ಕೆ ಹಣ ಹೊಂದಿಸುವಷ್ಟರಲ್ಲಿ ಸಾಮಾನ್ಯ ಸಂಸಾರಿ ಮುಳುಗಿಹೋಗುತ್ತಾನೆ.

ಎರಡನೆಯ ಉತ್ತರ, ದಯೆ. ಒಂದೂವರೆ ಗ್ರಾಂ ಗುಂಡು, ಸೆಕೆಂಡಿಗೆ ನಾಲ್ಕು ಸಾವಿರ ಅಡಿ. ಪ್ರಾಣಿಗೆ ನೋವೇ ತಿಳಿಯದಂತೆ. ಅದೇ ಬಾಯಿ, ಅದೇ ಉಸಿರಿನಲ್ಲಿ, ಅಳಿಲು ಹೇಗೆ ಕೆಂಪು ಮಂಜಾಗಿ ಚದುರಿತು ಎಂದು ಬಣ್ಣಿಸುತ್ತದೆ. ನರಿ ಹೊಡೆಯಲು ಹೋದಾಗ ಮಾತ್ರ ರಾಗ ಬೇರೆ. ಆಗ ಗುಂಡು ಒಳಗೇ ಉಳಿದು ಚರ್ಮಕ್ಕೆ ತೂತಾಗದಿರುವುದು ಇದೇ ತೋಟೆಯ ಹೆಚ್ಚುಗಾರಿಕೆ. ಚರ್ಮಕ್ಕೆ ಬೆಲೆ ಇದೆಯಲ್ಲ.

ಮೂರನೆಯದು, ರೈತಸೇವೆ. ಇದನ್ನು ಕೇಳಿದಾಗ ನನಗೆ ಪಿತ್ತ ನೆತ್ತಿಗೇರುತ್ತದೆ. ಇವರು ಎಷ್ಟೋ ಕಡೆ ಜಮೀನಿನವನಿಗೆ ದಿನಕ್ಕಿಷ್ಟು ಎಂದು ದುಡ್ಡು ತೆತ್ತು ಸೇವೆ ಮಾಡುತ್ತಾರೆ. ಪೀಡೆಯೇ ಆದಾಯವಾದ ಮೇಲೆ ಆ ಜಮೀನಿನವನು ಪೀಡೆ ತೊಲಗಲಿ ಎಂದು ಯಾಕೆ ಬಯಸಿಯಾನು? ನಮ್ಮ ಮಲೆನಾಡಿಗೆ ಬನ್ನಿ, ನಿಜವಾದ ಪೀಡೆ ತೋರಿಸುತ್ತೇನೆ. ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಮನೆಯಲ್ಲಿ ಅಜ್ಜನ ಕಾಲದ ಕೋವಿ. ಚುನಾವಣೆ ಘೋಷಣೆಯಾದರೆ ಅದೂ ಪೊಲೀಸ್ ಠಾಣೆಯ ಮೂಲೆಗೆ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಪೀಡೆಯ ಲೆಕ್ಕವನ್ನೂ ಸ್ವಲ್ಪ ನೋಡಿ. ಪ್ರೇರಿ ಡಾಗ್ ಹುಲ್ಲು ತಿನ್ನುತ್ತದೆ, ಆದ್ದರಿಂದ ಪೀಡೆ. ಆ ಪ್ರೇರಿ ಡಾಗನ್ನು ತೋಳದ ಕುಲದ ಕಯೋಟಿ ತಿನ್ನುತ್ತದೆ. ಅದೂ ಪೀಡೆ. ತಿನ್ನುವುದೂ ತಪ್ಪು, ತಿನ್ನುವವರನ್ನು ತಿನ್ನುವುದೂ ತಪ್ಪು.

ಅಮೆರಿಕ ಸರ್ಕಾರದ ಬುದ್ಧಿಯೇನೂ ಕಡಿಮೆಯಿಲ್ಲ. ಕಪ್ಪುಕಾಲಿನ ಫೆರೆಟ್ ಅಂತ ಒಂದು ಪ್ರಾಣಿ ಇದೆ. ಅದರ ಊಟವೆಂದರೆ ಹೆಚ್ಚುಕಡಿಮೆ ಪ್ರೇರಿ ಡಾಗ್ ಒಂದೇ. ಬಿಲಗಳ ಊರೂರೇ ಅಳಿದಾಗ ಫೆರೆಟ್ಟೂ ಅಳಿಯಿತು ಎಂದು ಕೈಚೆಲ್ಲಿದ್ದರು. 1981ರಲ್ಲಿ ವಯೋಮಿಂಗಿನ ಮಿಟೀಟ್ಸಿ ಬಳಿ ಒಂದು ಸಾಕುನಾಯಿ ಫೆರೆಟ್ ಒಂದನ್ನು ಕಚ್ಚಿ ತಂದಿತು. ಪತ್ತೆ ಮಾಡಿದ್ದು ನಾಯಿ, ಇಲಾಖೆಯಲ್ಲ. ಆಮೇಲೆ ಹಿಡಿದು ಉಳಿಸಿಕೊಂಡದ್ದು ಹದಿನೆಂಟೇ. 2020ರಲ್ಲಿ ತದ್ರೂಪಿಯನ್ನೂ ಹುಟ್ಟಿಸಿದರು. ಪ್ರೇರಿ ಡಾಗಿಗೆ ಪ್ಲೇಗ್ ಬಾರದಿರಲೆಂದು ಶೇಂಗಾ ಬೆಣ್ಣೆಯ ರುಚಿಯ ಲಸಿಕೆ ಗುಳಿಗೆ ತಯಾರಿಸಿದರು. ಡ್ರೋನಿನಿಂದ ಬಯಲಿಗೆ ಉದುರಿಸಿಯೂ ನೋಡಿದರು. ಅದೇ ದೇಶದಲ್ಲಿ, ಸಂರಕ್ಷಿತ ಬಯಲಿನ ಬೇಲಿ ದಾಟಿದರೆ ಎಷ್ಟೋ ಕಡೆ ಅದೇ ಪ್ರಾಣಿಯನ್ನು ಎಣಿಕೆಯಿಲ್ಲದೆ ಹೊಡೆಯಬಹುದು. ಬೇಲಿಯ ಈಚೆ ಲಸಿಕೆ, ಆಚೆ ಗುಂಡು.

ಈ ವೈಲ್ಡ್‌ಕ್ಯಾಟ್ ಪಂಗಡದಲ್ಲಿ ನನಗೆ ಹಿಡಿಸಿದವನು ಒಬ್ಬನೇ, ಬಂದೂಕು ತಯಾರಕ ಪಿ.ಓ. ಆಕ್ಲಿ. ದೊಡ್ಡ ಮೃಗಗಳಿಗೆಂದೇ ಇದ್ದ .378 ವೆದರ್‌ಬಿ ಮ್ಯಾಗ್ನಮ್ ತೋಟೆಯ ಭಾರೀ ಹೊಟ್ಟೆಗೆ ಪುಟಾಣಿ .22 ಗುಂಡು ಸಿಕ್ಕಿಸಿದ. ಸೆಕೆಂಡಿಗೆ ಐದು ಸಾವಿರ ಅಡಿ ಮುಟ್ಟುವ ಹಟ. ಮುಟ್ಟಲಿಲ್ಲ. ಆ ತೋಟೆಗೆ ಇಯರ್‌ಗೆಸ್ಪ್ಲಿಟನ್ ಲೌಡನ್‌ಬೂಮರ್ ಎಂಬ, ಕಿವಿ ಸೀಳುವ ಸದ್ದಿನ ಅರ್ಥದ ಹುಸಿ ಜರ್ಮನ್ ಹೆಸರಿಟ್ಟು ತಾನೇ ನಕ್ಕ. ರೈತ, ದಯೆ, ಉಳಿತಾಯ ಅಂತೆಲ್ಲ ಸೋಗು ಹಾಕಲಿಲ್ಲ. ಹುಚ್ಚಿಗೆ ಹುಚ್ಚೆಂದೇ ಹೆಸರಿಟ್ಟ. ಶಿಷ್ಯಕೋಟಿ ಅಚ್ಚುಗಳನ್ನು ಉಳಿಸಿಕೊಂಡಿತು, ನಗೆಯನ್ನು ಬಿಟ್ಟಿತು.

ಸತ್ತ ಪ್ರೇರಿ ಡಾಗನ್ನು ಯಾರೂ ಎತ್ತುವುದಿಲ್ಲ. ಅಲ್ಲೇ ಬಿದ್ದಿರುತ್ತದೆ. ಸಿಡಿದ ಗುಂಡಿನ ಸೀಸದ ಚೂರು ಮಾಂಸದೊಳಗೆ. ಹದ್ದು ಇಳಿಯುತ್ತದೆ, ತಿನ್ನುತ್ತದೆ. ಬೋಳು ಹದ್ದು, ಹೊನ್ನ ಹದ್ದುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಸೀಸದ ವಿಷ ಮೂಳೆಗಿಳಿದಿದೆ ಎಂದು 2022ರಲ್ಲಿ ಸೈನ್ಸ್ ಪತ್ರಿಕೆಯ ಅಧ್ಯಯನ ಹೇಳಿತು. ಮುಖ್ಯ ಅನುಮಾನ ಗುಂಡು ತಿಂದು ಬಿದ್ದ ಹೆಣಗಳ ಮೇಲೇ. 2024ರ ಡಿಸೆಂಬರಿನಲ್ಲಿ ಅದೇ ಬೋಳು ಹದ್ದನ್ನು ಕಾನೂನುಬದ್ಧವಾಗಿ ರಾಷ್ಟ್ರಪಕ್ಷಿ ಮಾಡಿದರು.

ಸೀಸವಿಲ್ಲದ ಗುಂಡು ಇಲ್ಲವೇ? ಇದೆ. .17ರ ಅಳತೆಯಲ್ಲೇ ಇದೆ. ಅದನ್ನೇ ಕೊಳ್ಳಬಾರದೇ ಅಂದರೆ, ಹೇಳಿ ಮಾಡಿಸಿದ ನಳಿಗೆಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ಆ ಮಹಾಶಯ ಹೇಳುತ್ತಾನೆ: ‘ತೀರಾ ದುಬಾರಿ ಸ್ವಾಮಿ.’