ಕ್ವಾಂಟಂ ಯಂತ್ರದ ಒಡೆಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಭಾನುವಾರ ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ನೀವು ನಡೆಸಿದ ಉಚಿತ ಆರೋಗ್ಯ ಶಿಬಿರಕ್ಕೆ ಚಿಕ್ಕಮ್ಮನನ್ನು ಕರೆತಂದವನು ನಾನು. ಟೋಕನ್ ಹಿಡಿದು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಕೂತೆವು. ಅಷ್ಟು ಕಾಯಿಸಿ ಮಾಡಿದ ತಪಾಸಣೆ ಒಂದೇ ನಿಮಿಷದ್ದು. ಕೈಗೊಂದು ಲೋಹದ ಕಡ್ಡಿ ಕೊಟ್ಟು, ಅದರ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, "ಅಲುಗಾಡಬೇಡಿ, ಜೀವಕೋಶಗಳ ಕ್ವಾಂಟಂ ಕಂಪನ ಓದ್ತಾ ಇದೆ" ಅಂದಿರಿ. ಆಮೇಲೆ ಪ್ರಿಂಟರ್‌ನಿಂದ ಹಾಳೆಯ ಮೇಲೆ ಹಾಳೆ. ಲಿವರ್, ಮೂಳೆ, ಸತು, ಸೆಲೆನಿಯಂ, ಎಲ್ಲಕ್ಕೂ ದಶಾಂಶ ಚುಕ್ಕಿಯ ಆಚೆ ಮೂರು ಅಂಕಿಯ ಲೆಕ್ಕ. ಪಿತ್ತಕೋಶವೂ ಚೆನ್ನಾಗಿದೆಯಂತೆ. ಬಹಳ ಸಂತೋಷ. ಕಲ್ಲಾಗಿದೆ ಎಂದು ಚಿಕ್ಕಮ್ಮನ ಪಿತ್ತಕೋಶವನ್ನು ಆಪರೇಷನ್ ಮಾಡಿ ತೆಗೆದು ಎಷ್ಟೋ ವರ್ಷವಾಯಿತು. ಅದು ಈಗ ಎಲ್ಲಿದೆಯೋ, ಅಲ್ಲಿಂದಲೇ ಕಂಪನ ಕಳಿಸುತ್ತಿರಬೇಕು.

ನಿಮ್ಮ ಮಹಿಮೆ ನೋಡಿದ ಮೇಲೆ ನನಗೆ ಎಂಆರ್‌ಐ ಇಟ್ಟುಕೊಂಡಿರುವ ಆಸ್ಪತ್ರೆಗಳ ಮೇಲೆ ಕನಿಕರ ಹುಟ್ಟಿದೆ. ಅದೂ ಕ್ವಾಂಟಂ ಭೌತವಿಜ್ಞಾನದ ಕೂಸೇ. ಮೈಯೊಳಗಿನ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್‌ಗಳ ಸ್ಪಿನ್ ಹಿಡಿದು ಚಿತ್ರ ಬಿಡಿಸುತ್ತದೆ. ಅಷ್ಟಕ್ಕೇ ಪಾಪ, 1.5 ಟೆಸ್ಲಾದ ಅಯಸ್ಕಾಂತ ಬೇಕು, ಅದನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿಡಲು ದ್ರವ ಹೀಲಿಯಂ ಬೇಕು, ರೋಗಿ ಕೊಳವೆಯೊಳಗೆ ಅರ್ಧ ಗಂಟೆ ಮಲಗಬೇಕು. ಇಷ್ಟೆಲ್ಲ ಮಾಡಿಯೂ ಸೆಲೆನಿಯಂ ಎಷ್ಟಿದೆ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ನಿಮಗೆ ಒಂದು ಯುಎಸ್‌ಬಿ ವೈರ್ ಸಾಕು! ಅಂಗೈ ಬೆವರಿದರೆ ಚರ್ಮದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ; ಆ ಕಡ್ಡಿಗೆ ತಿಳಿಯಬಹುದಾದದ್ದು ಹೆಚ್ಚೆಂದರೆ ಅಷ್ಟು. ಉಳಿದದ್ದಕ್ಕೆ, ಕಡ್ಡಿ ಕೊಡುವ ಮೊದಲೇ ನಿಮ್ಮ ಹುಡುಗ ಕೇಳಿ ಟೈಪ್ ಮಾಡಿಕೊಂಡ ವಯಸ್ಸು, ಎತ್ತರ, ತೂಕ ಇದ್ದೇ ಇತ್ತಲ್ಲ.

ಶಿಬಿರ ಉಚಿತ, ಕ್ವಾಂಟಂ ಪದಕಕ್ಕೆ ಮಾತ್ರ 2,800 ರೂಪಾಯಿ. ಮೊಬೈಲ್ ಟವರಿನಿಂದ ರಕ್ಷಣೆಯಂತೆ. ಇದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ "ಜ್ವಾಲಾಮುಖಿ ಶಿಲೆ" ಅಂದಿರಿ. ಕಲ್ಲು ತೆಗೆಸಿಕೊಂಡವಳ ಕೊರಳಿಗೆ ಮತ್ತೊಂದು ಕಲ್ಲು! 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ ಇಂಥ 10 ವಸ್ತುಗಳ ಹೆಸರು ಹೇಳಿ, ಧರಿಸಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತ್ತು. 5ಜಿಯಿಂದ ಕಾಪಾಡುತ್ತದೆ ಎಂದು ಕಟ್ಟಿಕೊಂಡ ಪದಕ, ಬಳೆಗಳೇ ವಿಕಿರಣ ಸೂಸುತ್ತಿದ್ದವು. ನಿಮ್ಮ ಕಲ್ಲನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

ಇರಲಿ, ನಗು ಇಲ್ಲಿಗೆ ಸಾಕು. ಹೊರಡುವಾಗ ನಿಮ್ಮವರೊಬ್ಬರು "ಸಕ್ಕರೆ ಕಾಯಿಲೆಯ ಮಾತ್ರೆ ಕಂಪನಕ್ಕೆ ಅಡ್ಡ ಬರುತ್ತೆ, ನಿಲ್ಲಿಸಿಬಿಡಿ ಅಮ್ಮಾ" ಎಂದು ಚಿಕ್ಕಮ್ಮನ ಕಿವಿಯಲ್ಲಿ ಹೇಳಿದ್ದಾರೆ. ಅವಳು ನಮಗ್ಯಾರಿಗೂ ತಿಳಿಸದೆ ನಿಲ್ಲಿಸಿದಳು. ಗುರುವಾರ ತಲೆ ಸುತ್ತಿ ಅಡುಗೆಮನೆಯಲ್ಲೇ ಕುಸಿದಳು. ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರಿನಲ್ಲಿ 380. ಆ ಪುಟ್ಟ ಡಬ್ಬಿಗೆ ಕ್ವಾಂಟಂ ಗಿಂಟಂ ಗೊತ್ತಿಲ್ಲ, ಒಂದು ಹನಿ ರಕ್ತ ಕೇಳುತ್ತದೆ, ಇದ್ದದ್ದನ್ನು ಹೇಳುತ್ತದೆ. ನಿಮ್ಮ ಅಷ್ಟೂ ಹಾಳೆಗಳಲ್ಲಿ ಅವಳ ಸಕ್ಕರೆ "ಸಾಮಾನ್ಯ".

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಔಷಧ, ತಾಯತಗಳ ಜಾಹೀರಾತು ಕೊಡುವುದನ್ನು 1954ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ. ಪದಕದಿಂದ ಅದು ವಾಸಿಯಾಗುತ್ತದೆ ಎಂದು ನಿಮ್ಮ ಕರಪತ್ರದಲ್ಲಿ ಕೆಂಪಕ್ಷರದಲ್ಲಿದೆ, ಜೋಪಾನವಾಗಿ ಎತ್ತಿಟ್ಟಿದ್ದೇನೆ. ಮಾತ್ರೆ ನಿಲ್ಲಿಸಿ ಎಂದವರು ಡಾಕ್ಟರೇ? ಹೌದಾದರೆ ಅವರ ನೋಂದಣಿ ಸಂಖ್ಯೆ ಕಳಿಸಿ. ಅಲ್ಲವಾದರೆ ಅದನ್ನೂ ಬರೆದು, ಸಹಿ ಹಾಕಿ ಕಳಿಸಿ. ಜೊತೆಗೆ ನಮ್ಮ 2,800 ರೂಪಾಯಿ. ಮಾಮೂಲಿ ಅಂಚೆಯಲ್ಲೇ ಬರಲಿ, ಕಂಪನದ ಮೂಲಕ ಬೇಡ.

ಇಂತಿ,
ಚಿಕ್ಕಮ್ಮನ ಅಕ್ಕನ ಮಗ